ಲಕ್ವ ಹೊಡೆದ ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಸರ್ಕಾರದಿಂದ ಹಣ ಸಿಗುತ್ತಾ?

ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ನಿಮ್ಮ ಅಮ್ಮನಿಗೆ 71 ವರ್ಷ, ಲಕ್ವ ಹೊಡೆದು ಬಲಭಾಗ ಸ್ವಾಧೀನದಲ್ಲಿಲ್ಲ, ಸ್ನಾನ ಶೌಚಕ್ಕೂ ಒಬ್ಬರು ಬೇಕು ಅಂತ ಬರೆದಿದ್ದೀರಿ. ಅದಕ್ಕಾಗಿ ಕೆಲಸವನ್ನೂ ಬಿಟ್ಟಿದ್ದೀರಿ. ಮೈಸೂರಿನಲ್ಲಿ ನಮ್ಮ ತಂದೆಯನ್ನು ನಾನು ನಾಲ್ಕು ವರ್ಷ ಹೀಗೇ ನೋಡಿಕೊಂಡೆ. ನಿಮ್ಮ ಕಷ್ಟ ಅರ್ಥವಾಗುತ್ತದೆ.

ಅಮ್ಮನ ಹೆಸರಿಗೆ ಅಂಗವಿಕಲರ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನೇ ಮಾಡಿಸಿ. "ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಅಂತ ನಮ್ಮ ತಂದೆಯ ವಿಷಯದಲ್ಲಿ ನೆಂಟರು ಹೇಳಿದರು, ಒಂದು ಕಚೇರಿಯಲ್ಲೂ ಹೇಳಿದರು. ನಾವೂ ನಂಬಿ ಸುಮ್ನೆ ಒಂದೂವರೆ ವರ್ಷ ಕಳೆದೆವು. ಮುಪ್ಪಿನಲ್ಲಿ ಬಂದರೂ ಅದು ಅಂಗವಿಕಲತೆಯೇ ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ವಯಸ್ಸಿನ ಮಿತಿ ಇಲ್ಲ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅವರಿಗೆ ಈ ದಾರಿಯೆಲ್ಲ ಗೊತ್ತಿರುತ್ತದೆ.

ಇನ್ನು ಹಣದ ವಿಷಯ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅಂಗವಿಕಲರ ಪಿಂಚಣಿ, ಅಂಗವಿಕಲತೆ ಶೇ. 40ರಿಂದ 75ರವರೆಗೆ ಇದ್ದರೆ 800, ಅದಕ್ಕಿಂತ ಜಾಸ್ತಿ ಇದ್ದರೆ 1,400. ಎರಡರಲ್ಲಿ ಒಂದನ್ನೇ ಪಡೆಯಬಹುದು. ಹಾಗಾಗಿ ಅಮ್ಮನ ಶೇಕಡಾವಾರು 75 ದಾಟದಿದ್ದರೆ ಸಂಧ್ಯಾ ಸುರಕ್ಷಾವನ್ನೇ ಉಳಿಸಿಕೊಳ್ಳಿ. ಎರಡಕ್ಕೂ ಆದಾಯ ಪ್ರಮಾಣಪತ್ರ ಬೇಕು, ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು.

ನೋಡಿಕೊಳ್ಳುವವರಿಗೇ ಅಂತ ಇರುವ ಹಣದ ವಿಷಯದಲ್ಲಿ ಮಾತ್ರ ನಿಮಗೆ ಬೇಸರವಾಗಬಹುದು. ರಾಜ್ಯದ 2024-25ರ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದರು. ಆದರೆ ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಮನೆಯವರಿಗೆ. ಲಕ್ವ ಆ ಪಟ್ಟಿಯಲ್ಲಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ. ರಾತ್ರಿ ಮೂರು ಸಲ ಎದ್ದು ಮಗ್ಗಲು ತಿರುಗಿಸುವ ಕೆಲಸ ಎಲ್ಲ ಕಾಯಿಲೆಯಲ್ಲೂ ಒಂದೇ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡುವ ಮಾತು 2016ರ ಕಾಯ್ದೆಯ 24ನೇ ಸೆಕ್ಷನ್‌ನಲ್ಲೇ ಇದೆ. ಆ ಸೆಕ್ಷನ್ ಹೆಸರಿಸಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ನಿಮ್ಮ ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಖರ್ಚಿಗೆ ಸ್ವಲ್ಪ ಕಳಿಸುತ್ತಾರೆ ಅಂದಿದ್ದೀರಿ. ಅಮ್ಮ ಅವರ ಮೇಲೆ ಅವಲಂಬಿತರಾಗಿದ್ದರೆ ಅವರು ಆದಾಯ ತೆರಿಗೆ ಕಾಯ್ದೆಯ 80ಡಿಡಿ ಸೆಕ್ಷನ್ ಅಡಿ ತೆರಿಗೆ ಲೆಕ್ಕದ ಆದಾಯದಲ್ಲಿ 75,000 ರೂಪಾಯಿ ಕಡಿತ ಕೇಳಬಹುದು, ಅಂಗವಿಕಲತೆ ಶೇ. 80 ಅಥವಾ ಹೆಚ್ಚಿದ್ದರೆ 1,25,000. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅದಕ್ಕೂ ಅದೇ ಪ್ರಮಾಣಪತ್ರ ಬೇಕು. ತೆರಿಗೆಯಲ್ಲಿ ಉಳಿತಾಯವಾದ ಹಣವನ್ನು ಅಮ್ಮನ ಡೈಪರ್‌ಗೆ ಕೊಡಿ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಬಿಪಿಎಲ್ ಕಾರ್ಡ್ ಇದ್ದರೆ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರದಲ್ಲಿ ವೀಲ್‌ಚೇರ್ ಉಚಿತವಾಗಿ ಸಿಗುತ್ತದೆ.

ಪ್ರಮಾಣಪತ್ರಕ್ಕೆ ಡಾಕ್ಟರ್ ಪರೀಕ್ಷೆ ಮಾಡುವ ದಿನ ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಸಮ್ಮರಿ, ಒಂದು ಜೊತೆ ಬಟ್ಟೆ ಇಟ್ಟುಕೊಂಡು ಬೆಳಿಗ್ಗೆ ಬೇಗ ಹೋಗಿ. ಅಮ್ಮನಿಗೆ ಏನೇನು ಮಾಡಿಕೊಳ್ಳಲು ಆಗುವುದಿಲ್ಲ ಅನ್ನುವುದನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡು ನೀವೇ ಹೇಳಿ. ನಮ್ಮ ತಂದೆ ಡಾಕ್ಟರ್ ಕೇಳಿದ್ದಕ್ಕೆಲ್ಲ "ನಾನೇ ಮಾಡ್ಕೋತೀನಿ" ಅಂದುಬಿಟ್ಟಿದ್ದರು.