ಟಿವಿ ಕಂಪ್ಯೂಟರ್‌ಗೆ ಕೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಟಿವಿಗೆ ಹಚ್ಚಿದ ಕಂಪ್ಯೂಟರ್‌ನ್ಯಾಗ ವಿಂಡೋಸ್ 10 ಐತ್ರಿ. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 11 ಇದಕ್ಕ ಕೂಡೂದಿಲ್ಲಂತ. ಕೋಡಿ ಹಾಕ್ರಿ ಅಂತಾರ. 2 ಟಿಬಿ ಡಿಸ್ಕಿನ್ಯಾಗಿನ ಸಿನಿಮಾ ಹೋಗಧಂಗ ಹೆಂಗ ಬದಲಿ ಮಾಡೂದು?
– ಓದುಗರು, ತಿಲಕವಾಡಿ, ಬೆಳಗಾವಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಂತ ನಿಮ್ಮ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಬರೀ ಟಿವಿಗೆ ಬಳಸುವುದಾದರೆ ವಿಂಡೋಸ್ ಬದಲಿಗೆ ಪೂರ್ತಿ ಲಿನಕ್ಸ್ ಕೂಡ ಬೇಡ, ಅದರದೇ ಪುಟ್ಟ ರೂಪವಾದ ಲಿಬ್ರೆಎಲೆಕ್ ಸಾಕು. ಕಂಪ್ಯೂಟರ್ ಚಾಲೂ ಆದ ಕೂಡಲೇ ನೇರವಾಗಿ ಕೋಡಿ, ಅಂದರೆ ಸಿನಿಮಾ ಓಡಿಸುವ ತಂತ್ರಾಂಶ, ತೆರೆಯುವುದಷ್ಟೇ ಅದರ ಕೆಲಸ. ಅದಕ್ಕೆ 4 ಜಿಬಿ ರ‍್ಯಾಮ್ ಧಾರಾಳ.

ಸಿನಿಮಾ ಉಳಿಸಿಕೊಳ್ಳುವ ಕೆಲಸ ಮೊದಲು ಆಗಬೇಕು. ವಿಂಡೋಸ್ ಇರುವಾಗಲೇ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ‘ಫಾಸ್ಟ್ ಸ್ಟಾರ್ಟಪ್’ ತೆಗೆದುಹಾಕಿ, ಆಮೇಲೆ ಶಟ್‌ಡೌನ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಡಿಸ್ಕನ್ನು ಪೂರ್ತಿ ಮುಚ್ಚಿ ಹೋಗುವುದಿಲ್ಲ, ಅರ್ಧ ನಿದ್ದೆಯಲ್ಲಿ ಬಿಟ್ಟಿರುತ್ತದೆ. ಅಂಥ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಡಿಸ್ಕ್ ವಿನ್ಯಾಸ) ಡಿಸ್ಕನ್ನು ಲಿನಕ್ಸ್ ಓದಲಿಕ್ಕಷ್ಟೇ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ‘ಡಿಸ್ಕ್ ಕಾಣಿಸ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ನಂತರ ವೈರ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, 2 ಟಿಬಿ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡಿ. ಯಾಕೆಂದರೆ ಲಿಬ್ರೆಎಲೆಕ್‌ನ ಇನ್‌ಸ್ಟಾಲರ್ ನೀವು ಆರಿಸಿದ ಡಿಸ್ಕನ್ನು ಇಡಿಯಾಗಿ ಅಳಿಸುತ್ತದೆ. ‘ಸಿ’ ಹೋದರೇನು, ‘ಡಿ’ ಉಳಿಯುತ್ತದಲ್ಲ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡೂ ಒಂದೇ ಡಿಸ್ಕಿನ ಭಾಗಗಳಾದರೆ ಎರಡೂ ಹೋಗುತ್ತವೆ. ನಿಮ್ಮಲ್ಲಿ ಇರುವುದು ಒಂದೇ ಡಿಸ್ಕ್ ಆದರೆ ಸಿನಿಮಾಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿದ ಮೇಲೆಯೇ ಮುಂದುವರಿಯಿರಿ.

ಇಂಟೆಲ್ ಗ್ರಾಫಿಕ್ಸ್‌ಗೆ ಲಿಬ್ರೆಎಲೆಕ್‌ನ ‘ಜೆನೆರಿಕ್’ ಇಮೇಜ್ (ಇನ್‌ಸ್ಟಾಲ್ ಫೈಲ್) ಇಳಿಸಿಕೊಳ್ಳಿ. ಎನ್‌ವಿಡಿಯಾ ಕಾರ್ಡ್ ಇದ್ದವರು ‘ಜೆನೆರಿಕ್-ಲೆಗಸಿ’ ತೆಗೆದುಕೊಳ್ಳಬೇಕು. ಫೈಲನ್ನು ಪೆನ್‌ಡ್ರೈವ್‌ಗೆ ಬರೀ ಕಾಪಿ ಮಾಡಿದರೆ ಬೂಟ್ ಆಗದು. ಲಿಬ್ರೆಎಲೆಕ್‌ನವರದೇ ಯುಎಸ್‌ಬಿ-ಎಸ್‌ಡಿ ಕ್ರಿಯೇಟರ್‌ನಿಂದ ಬರೆಯಿರಿ. ಕಂಪ್ಯೂಟರ್ ಚಾಲೂ ಆಗುವಾಗ ತೆರೆಯುವ ಬಯೋಸ್ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ. ಬೂಟ್ ಆಗುವಾಗ ಇನ್‌ಸ್ಟಾಲರ್ ಬದಲು ‘ರನ್’ ಆರಿಸಿದರೆ ಪೆನ್‌ಡ್ರೈವ್ ಮೇಲೆಯೇ ಕೋಡಿ ಓಡುತ್ತದೆ, ಒಳಗಿನ ವಿಂಡೋಸ್ ಹಾಗೇ ಇರುತ್ತದೆ. ಒಂದು ವಾರ ಹೀಗೇ ಬಳಸಿ. ದನಿ, ಚಿತ್ರ, ವೈಫೈ ಮೂರೂ ಸರಿ ಅನ್ನಿಸಿದ ಮೇಲೆ ಇನ್‌ಸ್ಟಾಲ್ ಮಾಡಿ, ಕೊನೆಗೆ ಸಿನಿಮಾ ಡಿಸ್ಕ್ ಜೋಡಿಸಿ.

ಒಂದು ಮಿತಿ ಮೊದಲೇ ತಿಳಿದಿರಲಿ. ನಾಲ್ಕನೇ ತಲೆಮಾರಿನ ಇಂಟೆಲ್ ಗ್ರಾಫಿಕ್ಸ್ ಎಚ್.264 ಎಂಬ ರೀತಿಯಲ್ಲಿ ಅಡಕಿಸಿದ ವಿಡಿಯೊ ಫೈಲನ್ನು ಸಲೀಸಾಗಿ ಓಡಿಸುತ್ತದೆ. ಇನ್ನೂ ಹೆಚ್ಚು ಅಡಕಿಸಿದ ಎಚ್‌ಇವಿಸಿ ಬಂದರೆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. 1080ಪಿ ಹೇಗೋ ನಡೆದೀತು, 10 ಬಿಟ್‌ನ 4ಕೆ ತಡವರಿಸುತ್ತದೆ. ಅದಕ್ಕೆ ಏಳನೇ ತಲೆಮಾರು ಅಥವಾ ಮುಂದಿನದೇ ಬೇಕು. ಸಿನಿಮಾ ಓಡುವಾಗ ಕೀಬೋರ್ಡಿನ ಇಂಗ್ಲಿಷ್ ‘ಓ’ ಒತ್ತಿ. ಡಿಕೋಡರ್ (ವಿಡಿಯೊ ಬಿಚ್ಚುವ ಭಾಗ) ಹೆಸರಿನ ಮುಂದೆ ‘ಎಚ್‌ಡಬ್ಲ್ಯೂ’ ಇದ್ದರೆ ಗ್ರಾಫಿಕ್ಸ್ ಚಿಪ್ ದುಡಿಯುತ್ತಿದೆ, ‘ಎಸ್‌ಡಬ್ಲ್ಯೂ’ ಇದ್ದರೆ ಪ್ರೊಸೆಸರ್ ಒದ್ದಾಡುತ್ತಿದೆ ಎಂದರ್ಥ.

ಕೋಡಿ ಹಾಕಿದ ಮ್ಯಾಗ ಕೆಲವು ಸಿನಿಮಾಕ್ಕ ಎಲ್ಲಾ ಸ್ಪೀಕರ್ ಹೊಡೀತಾವ, ಕೆಲವಕ್ಕ ಮುಂದಿನ ಎರಡಷ್ಟ. ರಿಸೀವರ್ ಹಳೇದು, 5.1, ಆಪ್ಟಿಕಲ್ ಕೇಬಲ್ ಹಚ್ಚೇನಿ.
– ಓದುಗರು, ನವನಗರ, ಬಾಗಲಕೋಟೆ

ಸ್ಪೀಕರ್‌ಗಳಲ್ಲಿ ತಪ್ಪಿಲ್ಲ, ಇದು ಆಪ್ಟಿಕಲ್ ಕೇಬಲ್ಲಿನ ಮಿತಿ. ಬಿಚ್ಚಿದ ದನಿಯಾದರೆ, ಅಂದರೆ ಪಿಸಿಎಂ, ಅದರಲ್ಲಿ ಎರಡೇ ಚಾನೆಲ್ ಹೋಗುತ್ತವೆ. ಆರು ಚಾನೆಲ್ ಹೋಗಬೇಕಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಅಡಕವಾಗಿರಬೇಕು. ನಿಮ್ಮ ಕೆಲವು ಫೈಲ್‌ಗಳಲ್ಲಿ ದನಿ ಎಎಸಿ ಎಂಬ ಬೇರೆ ಅಡಕ ರೂಪದಲ್ಲಿರುತ್ತದೆ. ಕೋಡಿ ಅದನ್ನು ಬಿಚ್ಚಿ ಕಳಿಸುವುದರಿಂದ ಹಿಂದಿನ ಸ್ಪೀಕರ್‌ಗಳಿಗೆ ಏನೂ ತಲುಪುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಕೆಳಗೆ ಎಡಕ್ಕಿರುವ ಗೇರ್ ಗುರುತನ್ನು ಒತ್ತುತ್ತಾ ‘ಎಕ್ಸ್‌ಪರ್ಟ್’ ಮಾಡಿ. ಸಿಸ್ಟಂ, ಆಡಿಯೊದಲ್ಲಿ ನಂಬರ್ ಆಫ್ ಚಾನೆಲ್ಸ್ 2.0 ಇಡಿ. 5.1 ಸ್ಪೀಕರ್ ಇಟ್ಟುಕೊಂಡು 2.0 ಯಾಕೆ ಅನ್ನಿಸುತ್ತದೆ, ಆದರೆ ಇದೇ ಸರಿ: ಕೇಬಲ್ ಹೊರುವ ಪಿಸಿಎಂ ಅಷ್ಟೇ. ಮುಂದೆ ‘ಅಲೋ ಪಾಸ್‌ಥ್ರೂ’ (ಅಡಕ ದನಿಯನ್ನು ಬಿಚ್ಚದೆ ರಿಸೀವರ್‌ಗೆ ಕಳಿಸುವುದು) ಆನ್, ಪಾಸ್‌ಥ್ರೂ ಡಿವೈಸ್ ಆಗಿ ಎಸ್‌ಪಿಡಿಐಎಫ್ (ಆಪ್ಟಿಕಲ್ ಔಟ್), ‘ಡಾಲ್ಬಿ ಡಿಜಿಟಲ್ ಕೇಪಬಲ್ ರಿಸೀವರ್’ ಆನ್. ಆಗ ‘ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್’ ಸಿಗುತ್ತದೆ, ಅದನ್ನೂ ಆನ್ ಮಾಡಿ, ಎಎಸಿ ದನಿಯೂ ಡಾಲ್ಬಿಯಾಗಿ ಅಡಕವಾಗಿ ಹೋಗುತ್ತದೆ. ಚಾನೆಲ್ 5.1 ಇಟ್ಟವರಿಗೆ ಈ ಆಯ್ಕೆ ಸಿಗುವುದಿಲ್ಲ. ಡಿಟಿಎಸ್ ಮಾತ್ರ ರಿಸೀವರ್ ಮುಖದ ಮೇಲೆ ಅದರ ಗುರುತಿದ್ದರಷ್ಟೇ ಹಾಕಿ, ಇಲ್ಲದಿದ್ದರೆ ದನಿಯ ಬದಲು ಕರ್ಕಶ ಗದ್ದಲ ಬರುತ್ತದೆ, ಇಲ್ಲವೇ ಸದ್ದೇ ಬರುವುದಿಲ್ಲ.

ಪ್ಲೇಯರ್ ಸೆಟ್ಟಿಂಗ್ಸ್‌ನ ‘ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ’ ಆಫ್ ಇರಲಿ, ಅದು ಆನ್ ಆದರೆ ಪಾಸ್‌ಥ್ರೂ ನಿಲ್ಲುತ್ತದೆ. ಆಪ್ಟಿಕಲ್ ಕೇಬಲ್ಲನ್ನು ಟಿವಿಯ ಹಿಂಬದಿಗೆ ಚುಚ್ಚಿದ್ದರೆ ತೆಗೆದು ಕಂಪ್ಯೂಟರ್‌ಗೇ ಚುಚ್ಚಿ. ಎಚ್‌ಡಿಎಂಐನಿಂದ ಬಂದ 5.1 ದನಿಯನ್ನು ಎಷ್ಟೋ ಟಿವಿಗಳು ಎರಡೇ ಚಾನೆಲ್ ಮಾಡಿ ಹೊರಗೆ ಬಿಡುತ್ತವೆ.

ಶ್ರೀಕೃಷ್ಣ ಪಾರಿಜಾತದ ಆಟಗಳ ಹಳೇ ಡಿವಿಡಿ ಕಂಪ್ಯೂಟರ್‌ಗೆ ಹಾಕೇನ್ರಿ. ಕೋಡಿಯೊಳಗ ಒಂದೊಂದು ಆಟ ಐದಾರು ತುಂಡಾಗಿ ಕಾಣ್ತೈತಿ, ಹೆಸರೂ ಬರೂದಿಲ್ಲ, ಪಾತ್ರಧಾರಿ ಕೈ ಬೀಸಿದ್ರ ಅಂಚಿಗೆ ಗೆರಿ ಗೆರಿ.
– ಓದುಗರು, ಜಮಖಂಡಿ

ಇದು ಅಂತರ್ಜಾಲದಲ್ಲಿ ಮತ್ತೆ ಸಿಗುವ ಸಾಮಗ್ರಿಯಲ್ಲ. ದಯವಿಟ್ಟು ಮೊದಲು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿಡಿ. ಡಿವಿಡಿಯೊಳಗಿನ ಮಾಹಿತಿಯ ಪದರ ಹಾಳಾದರೆ ಓದಿಸುವ ದಾರಿ ಇರುವುದಿಲ್ಲ.

ಡಿವಿಡಿಯ ವಿಒಬಿ ಫೈಲ್‌ಗಳು ಒಂದು ಜಿಬಿ ಮೀರುವುದಿಲ್ಲ. ಹಾಗಾಗಿಯೇ ತುಂಡು. ಮೇಕ್‌ಎಂಕೆವಿ ಎಂಬ ತಂತ್ರಾಂಶದಿಂದ ಇಡೀ ಆಟವನ್ನು ಒಂದೇ ಎಂಕೆವಿ ಫೈಲ್ ಮಾಡಿಕೊಳ್ಳಿ. ಚಿತ್ರವನ್ನು ಮರುಕುಗ್ಗಿಸದೆ ಇದ್ದಂತೆಯೇ ಇಡುತ್ತದೆ. ‘ಸಣ್ಣದಾಗಲಿ’ ಎಂದು ಕುಗ್ಗಿಸಲು ಹೋಗಬೇಡಿ: ಡಿವಿಡಿಯ ಚಿತ್ರವೇ 720×576, ಅದರಲ್ಲೂ ಕಳೆದರೆ ಮುಖಭಾವವೇ ಅಳಿಸಿಹೋಗುತ್ತದೆ.

ಹೆಸರು ಬಾರದಿರುವುದಕ್ಕೆ ಕಾರಣ, ಕೋಡಿ ಹುಡುಕುವ ಟಿಎಂಡಿಬಿ ಎಂಬ ಅಂತರ್ಜಾಲದ ಸಿನಿಮಾ ಮಾಹಿತಿ ಭಂಡಾರದಲ್ಲಿ ನಿಮ್ಮ ಆಟ ಇಲ್ಲ. ಪಾರಿಜಾತಕ್ಕೆ ಬೇರೆಯದೇ ಫೋಲ್ಡರ್ ಮಾಡಿ, ‘ಸೆಟ್ ಕಂಟೆಂಟ್’ನಲ್ಲಿ ಮೂವೀಸ್ ಆರಿಸಿ, ಮಾಹಿತಿಯ ಮೂಲವಾಗಿ ‘ಲೋಕಲ್ ಇನ್‌ಫರ್ಮೇಶನ್ ಓನ್ಲಿ’ ಕೊಡಿ. ವಿಡಿಯೊದ ಹೆಸರಿನಲ್ಲೇ ‘.nfo’ (ಎನ್‌ಎಫ್‌ಒ) ಎಂದು ಕೊನೆಯಾಗುವ ಒಂದು ಪಠ್ಯ ಫೈಲ್ ಮಾಡಿ, ಅದರ ‘ಮೂವಿ’ ಟ್ಯಾಗ್‌ನೊಳಗೆ ‘ಟೈಟಲ್’, ‘ಇಯರ್’, ‘ಪ್ಲಾಟ್’ ಟ್ಯಾಗ್‌ಗಳನ್ನು ಹಾಕಿ. ಟ್ಯಾಗ್‌ಗಳು ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ, ಫೈಲ್ ಕನ್ನಡ ಅಕ್ಷರ ಕೆಡದಂತೆ ಯುಟಿಎಫ್-8 ರೂಪದಲ್ಲಿ ಉಳಿಯಲಿ. ಪ್ಲಾಟ್‌ನಲ್ಲಿ ಆಡಿದ ಊರು, ಕೃಷ್ಣ, ಸತ್ಯಭಾಮೆ, ರುಕ್ಮಿಣಿ, ಕೊರವಂಜಿ ಯಾರ‍್ಯಾರು ಎಂಬುದನ್ನು ಬರೆದಿಡಿ, ಮುಂದಿನವರಿಗೆ ಅದೇ ದಾಖಲೆ.

ಗೆರೆಗಳಿಗೆ ಕಾರಣ ಇಂಟರ್‌ಲೇಸಿಂಗ್. ಪ್ರತಿ ಚಿತ್ರದ ಬೆಸ ಸಾಲು, ಸಮ ಸಾಲುಗಳು ಬೇರೆ ಬೇರೆ ಕ್ಷಣದವು, ಒಟ್ಟಿಗೆ ತೋರಿಸಿದಾಗ ಚಲಿಸುವ ಕೈಯ ಅಂಚು ಬಾಚಣಿಗೆಯಾಗುತ್ತದೆ. ಆಟ ಓಡುವಾಗ ವಿಡಿಯೊ ಸೆಟ್ಟಿಂಗ್ಸ್‌ನ ಡಿಇಂಟರ್‌ಲೇಸ್ ಮೆಥಡ್‌ನಲ್ಲಿ ‘ವಿಎಎಪಿಐ ಮೋಷನ್ ಕಾಂಪೆನ್ಸೇಟೆಡ್’ ಅಥವಾ ‘ಬಾಬ್’ ಹಾಕಿ. ಪ್ಲೇಯರ್‌ನ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ನ್ನು ‘ಆನ್ ಸ್ಟಾರ್ಟ್/ಸ್ಟಾಪ್’ಗೆ ತನ್ನಿ. ಟಿವಿ 50 ಹರ್ಟ್ಸ್‌ಗೆ ಬಂದರೆ ಕುಣಿತ ಜರ್ಕ್ ಹೊಡೆಯುವುದಿಲ್ಲ.

ಕರೆಂಟ್ ಹೋಗಿ ಬಂದ ಮ್ಯಾಲ ಕೋಡಿ ಲೈಬ್ರರಿ ಖಾಲಿ ಆಗ್ಯದ. ಸಿನಿಮಾನೂ ಹೋದ್ವೇನ್ರಿ?
– ಓದುಗರು, ವಿಜಯಪುರ

ಗಾಬರಿ ಬೇಡ. ಲೈಬ್ರರಿ ಎಂಬುದು ಬೇರೆಯೇ ಒಂದು ಡೇಟಾಬೇಸ್ ಫೈಲ್. ಅದಕ್ಕೆ ಬರೆಯುತ್ತಿದ್ದಾಗ ಕರೆಂಟ್ ಹೋದರೆ ಅದು ಕೆಡಬಹುದು. ಮೊದಲು ‘ವಿಡಿಯೋಸ್, ಫೈಲ್ಸ್’ನಲ್ಲಿ ನೋಡಿ, ಸಿನಿಮಾಗಳು ಅಲ್ಲಿರುತ್ತವೆ. ಬ್ಯಾಕಪ್ ಇದ್ದರೆ ಲಿಬ್ರೆಎಲೆಕ್ ಸೆಟ್ಟಿಂಗ್ಸ್‌ನಿಂದ ರಿಸ್ಟೋರ್ ಮಾಡಿ. ಇಲ್ಲದಿದ್ದರೆ ಯೂಸರ್‌ಡೇಟಾದ ಡೇಟಾಬೇಸ್ ಫೋಲ್ಡರ್‌ನಲ್ಲಿ ‘ಮೈವಿಡಿಯೋಸ್’ ಎಂದು ಆರಂಭವಾಗುವ ಫೈಲ್ ಅಳಿಸಿ, ಮತ್ತೆ ಚಾಲೂ ಮಾಡಿ, ಸೆಟ್ ಕಂಟೆಂಟ್ ಕೊಟ್ಟು ಸ್ಕ್ಯಾನ್ ಮಾಡಿಸಿ. ಯಾವುದನ್ನು ನೋಡಿದ್ದೀರಿ ಎಂಬ ಗುರುತುಗಳಷ್ಟೇ ಹೋಗುತ್ತವೆ.

ಮುಂದಕ್ಕೆ 600 ವಿಎ ಯುಪಿಎಸ್ ಇಡಿ. ಅದಕ್ಕೆ ಕಂಪ್ಯೂಟರ್ ಮತ್ತು ಹೊರಗಿನ ಡಿಸ್ಕಿನ ಅಡಾಪ್ಟರ್ ಮಾತ್ರ ಜೋಡಿಸಿ, ಸಬ್‌ವೂಫರ್ ಬೇಡ. ಬಯೋಸ್‌ನಲ್ಲಿ ‘ಎಸಿ ಪವರ್ ಲಾಸ್’ ಎಂಬಲ್ಲಿ ‘ಪವರ್ ಆಫ್’ ಇರಲಿ. ಕರೆಂಟ್ ಹೋಗಿ ಬಂದು ಮಾಡುವಾಗೆಲ್ಲ ಡಿಸ್ಕ್ ಎದ್ದು ಬೀಳುವುದು ಅದರಿಂದ ತಪ್ಪುತ್ತದೆ. ಲಿಬ್ರೆಎಲೆಕ್‌ನ ಬ್ಯಾಕಪ್ಪನ್ನು ಅದೇ ಡಿಸ್ಕಿನಲ್ಲಿ ಬಿಡದೆ ಪೆನ್‌ಡ್ರೈವ್‌ಗೆ ತೆಗೆದಿಡಿ.