10 ಜನರ ಟೀಮು, ದಿನಾ ಮೀಟಿಂಗು, ಆದ್ರೂ ಕೆಲಸ ಯಾಕೆ ಸಾಗಲ್ಲ?

ಟೀಮಲ್ಲಿ 10 ಜನ, ದಿನಾ ಮೀಟಿಂಗು, ಮೇಲೆ ವಾಟ್ಸಾಪ್ ಗ್ರೂಪು ಬೇರೆ, ಆದ್ರೂ ಕೆಲಸ ನಿಂತಲ್ಲೇ ನಿಂತಿದೆ ಅಂತ ಕೇಳಿದೀರಿ. ಒಂದು ಲೆಕ್ಕ ನೋಡಿ, 5 ಜನ ಇದ್ರೆ ಪರಸ್ಪರ ಮಾತಾಡ್ಕೋಬೇಕಾದ ಜೋಡಿಗಳು 10, ಅದೇ 10 ಜನ ಆದ್ರೆ 45! ಹಾಗಾಗಿ ಎಲ್ಲರನ್ನೂ ಎಲ್ಲದಕ್ಕೂ ಕರೆಯೋದು ಬಿಡಿ, ಮೂರು ನಾಲ್ಕು ಜನರ ಗುಂಪು ಮಾಡಿ.

ಒಂದು ಕೆಲಸಕ್ಕೆ ಒಬ್ರದ್ದೇ ಹೆಸರಿರ್ಲಿ. "ನಾವಿಬ್ರೂ ನೋಡ್ಕೋತೀವಿ" ಅಂದ್ರೆ ಯಾರೂ ನೋಡಲ್ಲ, ಗ್ಯಾರಂಟಿ.

ನನ್ನ ಪ್ರಕಾರ ಜಾಸ್ತಿ ಟೈಮ್ ಹಾಳಾಗೋದು ಕೆಲಸ ಕೈ ಬದಲಾಯಿಸುವಾಗ. "ಹಾಯ್, ಫ್ರೀ ಇದೀರಾ?" ಅಂತ ಹಾಕಿ ಕಾಯ್ತಾ ಕೂರೋ ಬದಲು "ಪೇಮೆಂಟ್ ಪೇಜ್ ಟೆಸ್ಟಿಂಗಿಗೆ ಕೊಟ್ಟಿದೀನಿ, ಐಫೋನಲ್ಲಿ ರೀಫಂಡ್ ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ, ಲಾಗ್ (ಏನಾಯ್ತು ಅನ್ನೋ ದಾಖಲೆ) ಟಿಕೆಟ್‌ನಲ್ಲಿದೆ (ಆ ಕೆಲಸದ ವಿವರ ಬರೆದಿಡೋ ಆನ್‌ಲೈನ್ ಚೀಟಿ), ನೋಡಿ ಹೇಳಿ" ಅಂತ ಒಂದೇ ಸಲ ಬರೆದ್ರೆ ಟೀಮಲ್ಲಿ ಅಮೆರಿಕಾ ಕಡೆಯವರಿದ್ರೆ ಅವರು ನೀವು ಮಲಗಿದ್ದಾಗ್ಲೇ ನೋಡಿರ್ತಾರೆ, ಇಲ್ಲಾಂದ್ರೆ ಒಂದು ಪ್ರಶ್ನೆಗೆ ಒಂದು ದಿನ ಹೋಯ್ತು ಅಂತ್ಲೇ ಲೆಕ್ಕ.

ಟೀ ಕುಡೀತಾ ಏನಾದ್ರೂ ಡಿಸೈಡ್ ಆದ್ರೆ ಅದನ್ನೂ ಟಿಕೆಟ್‌ಗೆ ಎರಡು ಸಾಲು ಹಾಕಿಬಿಡಿ, ಆಮೇಲೆ "ನಾನು ಹಾಗೆ ಹೇಳೇ ಇಲ್ಲ" ಅನ್ನೋ ಜಗಳ ಇರಲ್ಲ. ಹೊಸ ಟೂಲ್ ಸದ್ಯಕ್ಕೆ ಬೇಡ, ಇನ್ನೊಂದು ಆಪ್ ಬಂದ್ರೆ ಹುಡುಕೋಕೆ ಇನ್ನೊಂದು ಜಾಗ ಅಷ್ಟೇ.