ಘಟ್ಟದ ತಿರುವಿನಲ್ಲಿ ಹಾರ್ನ್, ಹೆಡ್‌ಲೈಟ್

ಪ್ರಶ್ನೆ: ಮಳೆಗಾಲದಲ್ಲೂ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಕಾರಿನಲ್ಲಿ ಹೋಗಬೇಕಾಗುತ್ತದೆ. ತಿರುವುಗಳಲ್ಲಿ ಹಾರ್ನ್ ಮಾಡಬೇಕೇ, ಹೆಡ್‌ಲೈಟ್ ಮಿನುಗಿಸಿದರೆ ಸಾಕೇ? ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು ಸರಿಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಎದುರಿನ ರಸ್ತೆ ಕಾಣದ ತಿರುವಿನಲ್ಲಿ ಹಗಲು ಹಾರ್ನ್ ಮಾಡಲೇಬೇಕು. ಆದರೆ ತಿರುವಿನ ನಡುವೆ ಅಲ್ಲ. ಅದಕ್ಕೆ ಮೊದಲೇ ವೇಗ ತಗ್ಗಿಸಿ, ಎಡಬದಿಗೆ ಸರಿದುಕೊಂಡು, ಒಂದು ಸಲ ಸ್ಪಷ್ಟವಾಗಿ ಹಾರ್ನ್ ಮಾಡಿ, ಆ ಕಡೆಯ ಉತ್ತರಕ್ಕೆ ಕಿವಿಗೊಡಬೇಕು. ಉತ್ತರ ಬರಲಿಲ್ಲವೆಂದು ರಸ್ತೆ ಖಾಲಿಯಿದೆ ಎಂದುಕೊಳ್ಳಬೇಡಿ. ಜಡಿಮಳೆಯಲ್ಲಿ ಗಾಜು ಏರಿಸಿಕೊಂಡು ಬರುವವರಿಗೆ ನಿಮ್ಮ ಹಾರ್ನ್ ಕೇಳಿಸದೇ ಇರಬಹುದು.

ರಾತ್ರಿ ಹಾರ್ನ್‌ಗಿಂತ ಬೆಳಕೇ ಮೇಲು. ತಿರುವಿಗೆ ಮುನ್ನ ಒಂದೆರಡು ಸಲ ಡಿಪ್ ಮಾಡಿದರೆ ಆ ಬೆಳಕು ಧರೆಯ ಮೇಲೂ ಮರಗಳ ಮೇಲೂ ಹಾಯ್ದು, ನಿಮ್ಮ ಕಾರು ಕಾಣುವ ಮೊದಲೇ ಎದುರಿನವರಿಗೆ ಸುಳಿವು ಕೊಡುತ್ತದೆ. ವಾಹನ ಎದುರಾದ ಕೂಡಲೇ ಲೋ ಬೀಮ್‌ಗೆ ಬನ್ನಿ. ಇನ್ನೊಂದು ವಾಹನದ ಹಿಂದೆ ಸಾಗುವಾಗಲೂ ಅಷ್ಟೇ, ಏಕೆಂದರೆ ನಿಮ್ಮ ಹೈ ಬೀಮ್ ಅದರ ಕನ್ನಡಿಯಿಂದ ಚಾಲಕನ ಕಣ್ಣಿಗೆ ರಾಚುತ್ತದೆ.

ನನಗೆ ನಿಜಕ್ಕೂ ಆತಂಕ ಹುಟ್ಟಿಸುವುದು ದೀಪ ಮಿನುಗಿಸುವುದರ ಎರಡರ್ಥ. ನಮ್ಮಲ್ಲಿ ಹೆಚ್ಚಿನವರು 'ನಾನು ಬರುತ್ತಿದ್ದೇನೆ, ನಿಲ್ಲಿ' ಎಂದು ಮಿನುಗಿಸಿದರೆ, ಕೆಲವರು 'ನೀವೇ ಮೊದಲು ಬನ್ನಿ' ಎಂದು ಮಿನುಗಿಸುತ್ತಾರೆ. ಆದ್ದರಿಂದ ಎದುರಿನ ವಾಹನ ನಿಂತದ್ದು ಕಣ್ಣಾರೆ ಕಾಣುವವರೆಗೆ ಮುನ್ನುಗ್ಗಬೇಡಿ. ಇಕ್ಕಟ್ಟಾದ ಘಟ್ಟದ ರಸ್ತೆಯಲ್ಲಿ ಇಳಿಯುವ ವಾಹನವೇ ಏರುವ ವಾಹನಕ್ಕೆ ದಾರಿ ಬಿಡಬೇಕೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ. ಯಾರು ಮೊದಲು ದೀಪ ಮಿನುಗಿಸಿದರು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಕುಮಟಾದತ್ತ ಇಳಿಯುವಾಗ ನಿಲ್ಲಬೇಕಾದವರು ನೀವು.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ಮರಳುತ್ತದೆ. ಲೋ ಬೀಮ್, ಇದ್ದರೆ ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಕೆಟ್ಟು ನಿಂತ ವಾಹನಕ್ಕೆ ಮೀಸಲಿರಲಿ. ಓಡುವಾಗ ಅವನ್ನು ಹಾಕಿಕೊಂಡರೆ ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಹಿಂದಿನವರಿಗೆ ತಿಳಿಯುವುದಿಲ್ಲ, ನಿಜವಾಗಿ ನಿಂತಿರುವ ವಾಹನವನ್ನು ಗುರುತಿಸುವುದೂ ಕಷ್ಟವಾಗುತ್ತದೆ.

ಪ್ರಶ್ನೆ: ಅರಬೈಲ್ ಘಟ್ಟದಲ್ಲಿ ಮುಂದಿನ ಲಾರಿಯವರು ಬಲಗಡೆಯ ಇಂಡಿಕೇಟರ್ ಹಾಕಿದರೆ ಓವರ್‌ಟೇಕ್ ಮಾಡಬಹುದೇ?
— ಓದುಗರೊಬ್ಬರು, ಅಂಕೋಲಾ

ಉತ್ತರ: ಅದನ್ನೇ ನಂಬಿ ಹೊರಡಬೇಡಿ. 'ಮುಂದೆ ಹೋಗಿ' ಎನ್ನಲು ಬಲ ಇಂಡಿಕೇಟರ್ ಹಾಕುವವರು ಇರುವಂತೆ, ನಿಜವಾಗಿಯೂ ಬಲಕ್ಕೆ ಸರಿಯಲು ಹಾಕುವವರೂ ಇದ್ದಾರೆ. ಲಾರಿ ಎಡಕ್ಕೆ ಸರಿದು, ಎದುರಿನ ರಸ್ತೆ ಉದ್ದಕ್ಕೂ ನಿಮಗೇ ಕಂಡರೆ ಮಾತ್ರ ಒಂದು ಹಾರ್ನ್ ಮಾಡಿ ಮುಂದೆ ಹೋಗಿ. ಅಲ್ಲಿಯವರೆಗೆ ಅಂತರ ಬಿಟ್ಟು ಹಿಂದೆಯೇ ಇರಿ. ಹಾರ್ನ್ ಒತ್ತುತ್ತಲೇ ಇರಬೇಡಿ. ವಿನಾಕಾರಣ ಹಾರ್ನ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮಿನಲ್ಲಿ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿ ದಂಡವಿದೆ.